ಎಲ್ಲರೂ ಸೇರಿ ಉಳಿಸಿಕೊಟ್ಟ ಮನೆ

ಮೆಟ್ಟಿಲಿನಿಂದ ಜಾರಿಬಿದ್ದು ಬಲಗೈ ಮುರಿದುಕೊಂಡ ಟೈಲರಮ್ಮ ತಿಂಗಳುಗಟ್ಟಲೆ ಮೆಷಿನ್ ಮುಟ್ಟಲಿಲ್ಲ. ಕೈಯ ಕಟ್ಟು ಬಿಚ್ಚುವ ಮೊದಲೇ ಅಡ್ವಾನ್ಸೆಲ್ಲ ಬಾಡಿಗೆಗೆ ಕರಗಿಹೋಯಿತು. ಮನೆ ಖಾಲಿ ಮಾಡಿ ಎಂದು ಓನರ್ ಹೇಳಿಕಳಿಸಿದ ದಿನ ಇಡೀ ವಠಾರವೇ ಅವಳ ಬೆನ್ನಿಗೆ ನಿಂತಿತು. ಮೂಲೆಮನೆಯ ಮೇಷ್ಟ್ರು ಮುಂದೆ, ಉಳಿದವರು ಹಿಂದೆ. ಓನರ್ ಕೂಡ ಕಟುಕನೇನಲ್ಲ. ಬಾಕಿಯಲ್ಲಿ ಅರ್ಧ ಈಗ ಕೊಡಲಿ, ಉಳಿದದ್ದು ಕೈ ಸರಿಹೋದ ಮೇಲೆ ನೋಡೋಣ ಎಂದರು. ಆ ಅರ್ಧವನ್ನು ವಠಾರದವರೇ ಕೂಡಿಸಿ ಕೊಟ್ಟರು.

ಟೈಲರಮ್ಮ ಮಗಳನ್ನು ತಬ್ಬಿಕೊಂಡು ಅತ್ತಳು. ಅತ್ತು ಸುಮ್ಮನಿರಬೇಕಿತ್ತು. "ಇನ್ಮೇಲೆ ವಠಾರದವರ ಬಟ್ಟೆಗೆ ನಾನು ಕೂಲಿ ಮುಟ್ಟಲ್ಲ" ಎಂದುಬಿಟ್ಟಳು.

"ಛೆ ಛೆ, ಅದೆಲ್ಲ ಯಾಕಮ್ಮ" ಎಂದರು ಎಲ್ಲರೂ. ಕೈ ಸರಿಹೋದದ್ದೇ ತಡ, ಒಬ್ಬೊಬ್ಬರಾಗಿ ಬಟ್ಟೆ ಹೊತ್ತು ಬಂದರು. ಮೊದಲು ತಮ್ಮದು, ಆಮೇಲೆ ನಾದಿನಿಯದು, ಷಡ್ಡಕನ ಮಕ್ಕಳದು. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ! ಕೊಟ್ಟ ಮಾತು ಹಿಂತೆಗೆದುಕೊಳ್ಳಲು ಅವಳಿಗೆ ನಾಲಿಗೆ ಏಳಲಿಲ್ಲ. ಕಾಸು ಕೊಡುವ ಗಿರಾಕಿಗಳು ಕಾದು ಕಾದು ಬೇರೆ ಅಂಗಡಿ ನೋಡಿಕೊಂಡರು. ಮಗಳ ಹರಿದ ಶೂ ಬದಲಾಯಿಸಿದ ದಿನ ಪಕ್ಕದ ಮನೆಯ ಡ್ರೈವರನ ಹೆಂಡತಿ, "ಪರವಾಗಿಲ್ವೇ, ಹೊಸ ಶೂ! ನಾವೇ ದಡ್ಡರು" ಎಂದು ನಕ್ಕಳು. ಟೈಲರಮ್ಮನೂ ನಕ್ಕಳು. ಒಳಗೆ ಬಂದು ಮಗಳ ಮೇಲೆ ಸುಮ್ಮಸುಮ್ಮನೆ ರೇಗಿದಳು.

ಓನರ್ ಬಂದಾಗ ಹಳೇ ಬಾಕಿ ಹಾಗೇ ಇತ್ತು, ಹೊಸದೂ ಸೇರಿತ್ತು.

"ಹಗಲಿಡೀ ಮೆಷಿನ್ ಸದ್ದು ಕೇಳುತ್ತಲ್ಲಮ್ಮ? ದುಡ್ಡೆಲ್ಲ ಎಲ್ಲಿಗೆ ಹೋಗುತ್ತೆ?"

ಅವಳು ಮೆಷಿನ್ ಪಕ್ಕದಲ್ಲಿ ರಾಶಿ ಬಿದ್ದಿದ್ದ ವಠಾರದವರ ಬಟ್ಟೆಗಳ ಮೇಲೆ ಹೊದಿಕೆ ಎಳೆದಳು.

"ಹೋಗಲಿ, ಮೇಷ್ಟ್ರ ಹತ್ರ ಮಾತಾಡ್ತೀನಿ. ಎಲ್ಲರೂ ಸೇರಿ ಇನ್ನೊಂದ್ಸಲ..."

"ಬೇಡ ಸಾರ್!" ಅವಳು ಕಿರುಚಿಯೇಬಿಟ್ಟಳು. "ಮನೆ ಬಿಡ್ತೀನಿ. ಬಾಕಿ ದುಡಿದು ತೀರಿಸ್ತೀನಿ."

"ನಾನು ಖಾಲಿ ಮಾಡಿ ಅಂದ್ನೇ ಈಗ?"

"ನೀವು ಅಂದಿದ್ರೆ ಕೈಕಾಲು ಹಿಡ್ಕೊಂಡಾದ್ರೂ ಇರ್ತಿದ್ದೆ. ವಠಾರದವರ ಹತ್ರ ಏನಂತ ಬೇಡ್ಕೊಳ್ಳಲಿ, ಸಹಾಯ ಮಾಡ್ಬೇಡಿ ಅಂತಲೇ?"

ಗಾಡಿಗೆ ಸಾಮಾನು ಏರಿಸುವಾಗ ವಠಾರವೆಲ್ಲ ಹೊರಗೆ ನಿಂತಿತ್ತು. "ಅಷ್ಟು ಜನ ಸೇರಿ ಕೈ ಹಿಡಿದ್ರೂ ನಿಲ್ಲಲಿಲ್ವಲ್ಲ ತಾಯಿ" ಎಂದರು ಮೇಷ್ಟ್ರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅದನ್ನು ಕಂಡೇ ಅವಳಿಗೆ ಮೈಯೆಲ್ಲ ಉರಿದುಹೋಯಿತು.