ಇನ್ನೊಂದು ಸುತ್ತು

ನಮ್ಮ ಮನೆಯಲ್ಲಿ ಯಾವ ಡಬ್ಬಿಯ ಮುಚ್ಚಳವೂ ಒಂದೇ ಸಲಕ್ಕೆ ತೆಗೆಯಲು ಬರುವುದಿಲ್ಲ. ಯಾರು ಏನನ್ನೇ ಬಿಗಿ ಮಾಡಲಿ, ಹಿಂದೆಯೇ ಅಪ್ಪ ಬಂದು ಅದಕ್ಕೆ ಇನ್ನೊಂದು ಸುತ್ತು ಕೊಟ್ಟು ಹೋಗುತ್ತಾರೆ. ನಲ್ಲಿ, ಬಲ್ಬು, ಕುರ್ಚಿಯ ಸ್ಕ್ರೂ, ಸಕ್ಕರೆ ಡಬ್ಬಿ, ಯಾವುದನ್ನೂ ಬಿಡುವುದಿಲ್ಲ. ಜೀವಮಾನವಿಡೀ ನೀರು ಸರಬರಾಜು ಕಚೇರಿಯಲ್ಲಿ ಪೈಪು ಜೋಡಿಸಿದವರು. ಬೇರೆಯವರು ಬಿಗಿ ಮಾಡಿದ್ದು ಬಿಗಿಯೇ ಅಲ್ಲ ಎಂಬುದು ಅವರ ನಂಬಿಕೆ. ಬೆಳಗಾದರೆ ಅಮ್ಮ ಸಕ್ಕರೆ ಡಬ್ಬಿಯನ್ನು ಅಡುಗೆ ಕಟ್ಟೆಗೆ ಕುಟ್ಟಿ, ಬಟ್ಟೆ ಸುತ್ತಿ ತಿರುಗಿಸಿ, ಅದು ಜಪ್ಪಯ್ಯ ಅಂದರೂ ಬರದಿದ್ದಾಗ ಅಪ್ಪನನ್ನು ಬೈಯುತ್ತಾಳೆ. ಅಪ್ಪ ಬಂದು ತೆಗೆದುಕೊಡುತ್ತಾರೆ. ಮುಚ್ಚುವಾಗ ಮತ್ತೆ ಇನ್ನೊಂದು ಸುತ್ತು. ಇದೇ ಅವರಿಬ್ಬರ ಸಂಸಾರದ ಮುಖ್ಯ ಮಾತುಕತೆ ಎಂದು ನಾನು ತಿಳಿದುಕೊಂಡಿದ್ದೇನೆ.

ನನ್ನದು ವಿಮಾ ಕಂಪನಿಯಲ್ಲಿ ಕೆಲಸ. ಜಖಂ ಆದ ಗಾಡಿಗಳನ್ನು ನೋಡಿ, ಕಾರಣ ಏನು, ತಪ್ಪು ಯಾರದು ಎಂದು ಹೇಳಬೇಕು. ಅಳುವವರು, ಆಣೆ ಇಡುವವರು, ನಾಯಿ ಅಡ್ಡ ಬಂತು ಎನ್ನುವವರು, ಎಲ್ಲರನ್ನೂ ನೋಡಿ ನೋಡಿ ಮನಸ್ಸು ಒಂದಿಷ್ಟು ಗಟ್ಟಿಯಾಗಿದೆ. ಮೊದಲು ಗಾಡಿಯನ್ನು ನೋಡುತ್ತೇನೆ, ಆಮೇಲೆ ಮನುಷ್ಯರನ್ನು. ಗಾಡಿಗೆ ಸುಳ್ಳು ಹೇಳಿ ಆಗಬೇಕಾದ್ದೇನೂ ಇರುವುದಿಲ್ಲ.

ಆ ಭಾನುವಾರ ತವರಿಗೆ ಹೋದಾಗ ಅಮ್ಮ ಬಾಗಿಲಲ್ಲೇ ಹೇಳಿದಳು. "ಹೋಗಿ ನೋಡು, ನಿಮ್ಮಪ್ಪನ ಕಾರಿಗೆ ಭೇದಿ ಹಿಡಿದಿದೆ."

ಕಾರು ನನಗಿಂತ ಹಿರಿಯದು. ಕಡು ಹಸಿರು ಬಣ್ಣ, ದುಂಡು ದೀಪ, ಉಬ್ಬಿದ ಮಡ್‌ಗಾರ್ಡು. ಅಪ್ಪ ಅದನ್ನು ಗುಜರಿ ಅಂಗಡಿಯಿಂದ ತಂದು, ರಜೆ ಬಂದಾಗಲೆಲ್ಲ ಶೆಡ್ಡಿನಲ್ಲಿ ಬಿದ್ದುಕೊಂಡು ಮತ್ತೆ ನಿಲ್ಲಿಸಿದವರು. ಅದರ ಕೆಳಗೆ ಅಮ್ಮನ ಹಳೆಯ ದೊಡ್ಡ ತಟ್ಟೆ ಇತ್ತು, ತಟ್ಟೆಯಲ್ಲಿ ಎಂಜಿನ್ ಆಯಿಲ್. ನಾನು ಚಾಪೆ ಎಳೆದುಕೊಂಡು ಕೆಳಗೆ ನುಸುಳಿದೆ. ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರ್ ಇರುತ್ತದೆ. ಆಯಿಲ್ ಬದಲಿಸುವಾಗ ಬಿಚ್ಚಲೆಂದು ಅದರ ತಳಕ್ಕೆ ಒಂದು ಬೋಲ್ಟು. ಆ ಬೋಲ್ಟಿನ ಸುತ್ತ ಬಿಳಿ ಟೇಪು ಕಾಣುತ್ತಿತ್ತು. ನಲ್ಲಿಗೆ ಸುತ್ತುವ ಟೇಪು! ಎಷ್ಟಾದರೂ ನೀರಿನವರು.

"ಇದೇನಪ್ಪಾ, ಕಾರಿಗೆ ನೀರಿನ ಕನೆಕ್ಷನ್ ಕೊಟ್ಟಿದ್ದೀರಾ?" ಎಂದೆ.

"ನಗಬೇಡ. ಹೋದ ವಾರ ಆಯಿಲ್ ಬದಲಾಯಿಸಿದೆ. ಅವತ್ತಿಂದ ಸೋರ್ತಿದೆ," ಎಂದರು ಅಪ್ಪ, ಶೆಡ್ಡಿನ ಬಾಗಿಲಿಗೆ ಒರಗಿಕೊಂಡು.

ಉಳಿದ ಆಯಿಲ್ಲಿಗೆ ಬಕೆಟ್ ಹಿಡಿದು ಬೋಲ್ಟಿಗೆ ಕೈ ಹಾಕಿದೆ. ಸ್ಪ್ಯಾನರ್ ಬೇಕಾಗಲೇ ಇಲ್ಲ, ಎರಡು ಬೆರಳಿಗೆ ಬಂದುಬಿಟ್ಟಿತು. ಟೇಪು ಬಿಡಿಸಿದರೆ ಬೋಲ್ಟಿಗೆ ಬೆಳ್ಳಗಿನ ಲೋಹದ ಎಳೆಯೊಂದು ಸುರುಳಿಯಾಗಿ ಸುತ್ತಿಕೊಂಡಿತ್ತು. ಚೇಂಬರ್ ಅಲ್ಯೂಮಿನಿಯಂನದು, ಮೆತ್ತಗಿನ ಲೋಹ, ಬೋಲ್ಟು ಉಕ್ಕಿನದು. ಚೇಂಬರಿನ ಒಳಗಿದ್ದ ಥ್ರೆಡ್, ಬೋಲ್ಟು ಕಚ್ಚಿಕೊಳ್ಳುವ ಸುರುಳಿ ಗೆರೆ, ಪೂರ್ತಿ ಕಿತ್ತು ಬೋಲ್ಟಿನ ಜೊತೆಗೇ ಬಂದಿತ್ತು. ಸವೆದ ಥ್ರೆಡ್ ಹೀಗೆ ಬರುವುದಿಲ್ಲ, ಪುಡಿಯಾಗಿ ಉದುರುತ್ತದೆ. ಇದು ಮಿತಿಮೀರಿ ತಿರುಗಿಸಿದ ಕೈಯ ಕೆಲಸ. ಬೇರೆ ಯಾರ ಗಾಡಿಯಾಗಿದ್ದರೂ ಕಣ್ಣು ಮುಚ್ಚಿ ಹಾಗೆಯೇ ಹೇಳುತ್ತಿದ್ದೆ.

"ಲೋಹಕ್ಕೂ ವಯಸ್ಸಾಗುತ್ತೆ ಪುಟ್ಟಿ," ಎಂದರು ಅಪ್ಪ.

ನಾನು ಬೋಲ್ಟನ್ನು ಮತ್ತೊಮ್ಮೆ ತಿರುಗಿಸಿ ನೋಡಿದೆ. ಅಪ್ಪನ ಕೈ ಅಂಥ ತಪ್ಪು ಮಾಡುವ ಕೈಯಲ್ಲ. ಎಷ್ಟು ಬಿಗಿಯಾದರೆ ಸಾಕು ಎಂದು ತಿಳಿಯುವುದರಲ್ಲಿ ಅಪ್ಪ ಎತ್ತಿದ ಕೈ. ಇನ್ನೊಂದು ಸುತ್ತು ಕೊಟ್ಟರೂ ಒಂದು ಕೂದಲೆಳೆ ಹೆಚ್ಚು ಕೊಟ್ಟವರಲ್ಲ. ಹಿಂದೊಮ್ಮೆ ಅಣ್ಣ ಕಾರು ಮಾರುವ ಮಾತೆತ್ತಿದಾಗ ಅವರೇ ಊಟದ ಮೇಜಿನ ಮುಂದೆ ಹೇಳಿದ್ದರು. "ನನ್ನ ಕೈ ಮಾತು ಕೇಳದ ದಿವಸ ಮಾರಿಬಿಡಿ. ನಾನೇ ಕೀಲಿ ಕೊಡ್ತೀನಿ." ಆಡಿದ ಮಾತಿಗೆ ತಪ್ಪುವವರಲ್ಲ ಎಂಬುದೇ ಅವರ ಇನ್ನೊಂದು ತೊಂದರೆ. ಅಣ್ಣನ ಹತ್ತಿರ ಕೊಳ್ಳುವವರು ತಯಾರಿದ್ದಾರೆ. ಕಾರು ಹೋದರೆ ಅಪ್ಪ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುತ್ತಾರೆ ಎಂದು ಅವನು ಯೋಚಿಸಿಲ್ಲ. ಅವನದು ತಪ್ಪೂ ಅಲ್ಲ, ಅವನಿಗೆ ಆ ಶೆಡ್ಡು ಬರೀ ಜಾಗ.

ರಿಪೇರಿ ಹೇಗೆಂದು ಅಪ್ಪನಿಗೆ ಗೊತ್ತಿತ್ತು. ಲೋಹ ಕಡೆಯುವ ಲೇತ್ ಅಂಗಡಿಯ ಗೆಳೆಯರಿಂದ ಒಂದು ಅಳತೆ ದಪ್ಪನೆಯ ಬೋಲ್ಟು ಮಾಡಿಸಿ ತಂದಿದ್ದರು. ಜೊತೆಗೆ ಅದೇ ಅಳತೆಯ ಥ್ರೆಡ್ ಕೊರೆಯುವ ಉಪಕರಣ, ಹಲ್ಲುಗಳಿರುವ ಉಕ್ಕಿನ ಕಡ್ಡಿ. ಅದನ್ನು ಹಿಡಿಕೆಗೆ ಸಿಕ್ಕಿಸಿ, ಹಳೆಯ ತೂತಿಗೆ ನೆಟ್ಟಗೆ ಇಟ್ಟು, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸುತ್ತ ಹೊಸ ಥ್ರೆಡ್ ಕೊರೆಯಬೇಕು. ಚೂರುಗಳು ಒಳಗೆ ಹೋಗದಂತೆ ಹಲ್ಲುಗಳ ಸಂದಿಗೆ ಗ್ರೀಸ್ ತುಂಬಬೇಕು. ಕಡ್ಡಿ ಓರೆಯಾದರೆ ಚೇಂಬರ್ ಮುಗಿದಂತೆ. ಈ ಕಾರಿಗೆ ಇನ್ನೊಂದು ಚೇಂಬರ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

"ನಾನು ಮಾಡಲಾ?" ಎಂದೆ.

"ನೀನು ಟಾರ್ಚ್ ಹಿಡಿ."

ಅಪ್ಪ ಅಂಗಾತ ಮಲಗಿ ಒಳಗೆ ಸರಿದರು. ನಾನು ಪಕ್ಕದಲ್ಲಿ ಮಲಗಿ ಟಾರ್ಚ್ ಹಿಡಿದೆ. ಮೊದಲ ಅರ್ಧ ಸುತ್ತು ಸರಿಯಾಗಿಯೇ ಹೋಯಿತು. ಎರಡನೆಯದಕ್ಕೆ ಹಿಡಿಕೆಯ ಒಂದು ತುದಿ ಸ್ವಲ್ಪ ಕೆಳಗೆ ವಾಲಿತು. ಕೊರೆಯುವ ಕೈಗೆ ಅದು ತಕ್ಷಣ ತಿಳಿಯಬೇಕು, ಒಂದು ಕಡೆ ಬಿಗಿತ ಹೆಚ್ಚಾಗುತ್ತದೆ. ಅಪ್ಪನಿಗೆ ತಿಳಿಯಲಿಲ್ಲ. ಇನ್ನೂ ತಿರುಗಿಸಲು ಹೊರಟರು.

"ಅಪ್ಪಾ, ನಿಲ್ಲಿಸಿ!"

ಕೈ ನಿಂತಿತು. ಅವರು ತೂತನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ಓರೆ ಹೋಗ್ತಿದೆಯಾ?" ಎಂದರು. ಅವರು ಇಂಥದ್ದನ್ನು ಇನ್ನೊಬ್ಬರನ್ನು ಕೇಳಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಸ್ವಲ್ಪ. ಸರಿ ಮಾಡಬಹುದು."

ಕಡ್ಡಿಯನ್ನು ತೂತಿನಲ್ಲೇ ಬಿಟ್ಟು, ಹಿಡಿಕೆ ಕಳಚಿಕೊಂಡು ಹೊರಗೆ ಬಂದೆವು. ಕಡ್ಡಿಯ ಹಿಡಿಕೆ ಕೆಂಪಾಗಿತ್ತು. ಅಪ್ಪ ಅದನ್ನು ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ, "ಇದ್ಯಾರ ರಕ್ತ?" ಎಂದರು. ಆಮೇಲೆ ನನ್ನ ಕೈ ನೋಡಿದರು. ಅವರ ತೋರುಬೆರಳು ಕುಯ್ದುಕೊಂಡು ರಕ್ತ ತೊಟ್ಟಿಕ್ಕುತ್ತಿತ್ತು.

ಕೆಲಸದಲ್ಲಿ ರಕ್ತ ನೋಡಿದ್ದೇನೆ, ಅದಕ್ಕೆ ಹೆದರುವುದಿಲ್ಲ. ಹೆದರಿದ್ದು ಆ ಪ್ರಶ್ನೆಗೆ.

ಬೆರಳಿಗೆ ಬಟ್ಟೆ ಕಟ್ಟಿದೆ. ಅಪ್ಪ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತರು. "ಹೋದ ಚಳಿಗಾಲದಿಂದ ಬಲಗೈ ಬೆರಳು ಮರಗಟ್ಟಿವೆ," ಎಂದರು. "ಡಾಕ್ಟರು ಸಕ್ಕರೆ ಕಾಯಿಲೆ, ನರ ಅಂತ ಏನೇನೋ ಹೇಳಿದ್ರು. ಮಾತ್ರೆ ತಗೋತಿದ್ದೀನಿ. ಬಿಗಿಯಾಯ್ತೋ ಇಲ್ವೋ ಗೊತ್ತೇ ಆಗಲ್ಲ ಪುಟ್ಟಿ. ಅದಕ್ಕೆ ಇನ್ನೊಂದು, ಇನ್ನೊಂದು ಅಂತ ತಿರುಗಿಸ್ತಾ ಹೋಗ್ತೀನಿ. ಇವತ್ತು ಬೆಳಿಗ್ಗೆ ಬಚ್ಚಲಿನ ನಲ್ಲಿಯನ್ನೇ ಮುರಿದೆ."

"ಕಾರು ಓಡಿಸ್ತೀರಲ್ಲ?"

"ನಿಲ್ಲಿಸಿದ್ದೀನಿ. ಬೆಳಿಗ್ಗೆ ಬಂದು ಸ್ಟಾರ್ಟ್ ಮಾಡಿ, ಒರೆಸಿ, ಆಫ್ ಮಾಡ್ತೀನಿ ಅಷ್ಟೆ. ನಿಮ್ಮಮ್ಮಂಗೆ ಹೇಳಬೇಡ. ನಿಮ್ಮಣ್ಣಂಗಂತೂ..." ಬಟ್ಟೆ ಕಟ್ಟಿದ ಬೆರಳನ್ನು ನೋಡಿಕೊಂಡರು. "ಆದ್ರೂ ಮಾತು ಮಾತೇ. ಕೈ ಕೇಳದ ದಿನ ಮಾರಿ ಅಂದಿದ್ದೆ."

"ಅದನ್ನ ಆಮೇಲೆ ನೋಡೋಣ. ಓಡಿಸೋಕೆ ನಾನಿದ್ದೀನಿ. ಈಗ ನಾನು ಕೆಳಗೆ ಹೋಗ್ತೀನಿ, ನೀವು ಹೇಳಿ."

"ನೀನು ಓಡಿಸು, ನಾನು ಪಕ್ಕದಲ್ಲಿ ಕೂತು ಬೈತೀನಿ," ಎಂದರು. ಮುಖದಲ್ಲಿ ಒಂಚೂರು ನಗು ಬಂತು.

ಮತ್ತೆ ಚಾಪೆಯ ಮೇಲೆ ಮಲಗಿದೆ. ಓರೆಯಾದ ಕಡ್ಡಿಯನ್ನು ಹಿಂದಕ್ಕೆ ತಿರುಗಿಸಿ ತೆಗೆದು, ಒರೆಸಿ, ಗ್ರೀಸ್ ತುಂಬಿ, ನೆಟ್ಟಗೆ ಇಟ್ಟೆ. ಅಪ್ಪನಿಗೆ ನನ್ನ ಕಾಲು ಮಾತ್ರ ಕಾಣುತ್ತಿತ್ತು.

"ತಿರುಗಿಸು. ಹೇಗನ್ನಿಸ್ತಿದೆ?"

"ಸರಿ ಅನ್ನಿಸ್ತಿದೆ."

"ಸರಿ ಅಂದ್ರೆ ನನಗೇನು ಗೊತ್ತಾಗುತ್ತೆ? ನಿನ್ನ ಕೈಗೆ ಏನು ಸಿಗ್ತಿದೆ ಅದನ್ನ ಹೇಳು."

ಪದ ಆರಿಸಿ ಆರಿಸಿ ಹೇಳಿದೆ. ಮೆತ್ತಗಿದೆ. ಈಗ ಕಚ್ಚಿತು. ಎಡಗಡೆ ಗಟ್ಟಿ. ಈಗ ಎರಡೂ ಕಡೆ ಒಂದೇ ಸಮ. ಈಗ ಗರಗರ ಅನ್ನುತ್ತಿದೆ. "ಗರಗರ ಅಂದ್ರೆ ಚೂರು ಸಿಕ್ಕಿದೆ, ಹಿಂದಕ್ಕೆ ತಿರುಗಿಸು," ಎನ್ನುತ್ತಿದ್ದರು. ತಿರುಗಿಸಿದರೆ ಗರಗರ ನಿಲ್ಲುತ್ತಿತ್ತು. ಒಂದೆರಡು ಸಲ ನಾನು ಹೇಳುವ ಮೊದಲೇ, ನನ್ನ ಉಸಿರು ಕೇಳಿಯೇ ಇರಬೇಕು, "ಅಲ್ಲಿ ಜೋರು ಮಾಡಬೇಡ," ಎಂದರು. ಹೀಗೆ ಕೊರೆದು ಮುಗಿಸಿ, ಮೇಲಿನಿಂದ ಸ್ವಲ್ಪ ತೆಳು ಎಣ್ಣೆ ಸುರಿದು ಉಳಿದ ಚೂರುಗಳನ್ನು ತೊಳೆದೆವು. ಆಮೇಲೆ ಹೊಸ ಬೋಲ್ಟು, ತಾಮ್ರದ ವಾಷರ್.

"ವಾಷರ್ ಕೂತ್ಕೊಂತಾ?"

"ಕೂತಿತು."

"ಇನ್ನೊಂಚೂರು. ಇನ್ನೂ ಕೂದಲೆಳೆಯಷ್ಟು. ಈಗ ಹೇಗಿದೆ?"

"ಇನ್ನು ಹೋಗಲ್ಲ ಅಂತಿದೆ. ಆದ್ರೆ ಬಲವಂತ ಮಾಡಿದ್ರೆ ಹೋಗುತ್ತೆ."

"ಸಾಕು. ಅದೇ ಜಾಗ."

ನಾನು ಹೊರಗೆ ಬಂದೆ. ಅಪ್ಪ ಕೈ ಚಾಚಿದರು. ನಮ್ಮ ಮನೆಯ ಪದ್ಧತಿಯಂತೆ ಈಗ ಅವರ ಸರದಿ, ಇನ್ನೊಂದು ಸುತ್ತು. ಸ್ಪ್ಯಾನರ್ ಕೊಡದಿದ್ದರೆ ಅವರ ಮುಖ ನೋಡಲು ನನ್ನಿಂದಾಗದು. ಕೊಟ್ಟ ಮೇಲೆ ಅವರು ತಿರುಗಿಸಿದರೆ ಹೊಸ ಥ್ರೆಡ್ಡೂ ಕಿತ್ತು ಬರುತ್ತದೆ, ಕಾರು ಹೋಗುತ್ತದೆ. ಕೊಟ್ಟೆ.

ಅಪ್ಪ ಒಳಗೆ ಸರಿದು ಬೋಲ್ಟಿನ ತಲೆಗೆ ಸ್ಪ್ಯಾನರ್ ಸಿಕ್ಕಿಸಿದರು. ಹಾಗೆಯೇ ಹಿಡಿದುಕೊಂಡಿದ್ದರು. ನಾನು ಬಗ್ಗಿ ಅವರ ಮಣಿಕಟ್ಟನ್ನೇ ನೋಡುತ್ತಿದ್ದೆ. ಮಣಿಕಟ್ಟು ಅಲುಗಲಿಲ್ಲ. ಕೊನೆಗೆ ಸ್ಪ್ಯಾನರ್ ತೆಗೆದು, ಅದರ ತುದಿಯಿಂದ ಬೋಲ್ಟಿಗೆ ಟಣ್ ಎಂದು ಒಮ್ಮೆ ಬಡಿದು, "ಆಯ್ತು," ಎಂದರು.

ಆಯಿಲ್ ತುಂಬಿ, ಎಂಜಿನ್ ಓಡಿಸಿ, ಕೆಳಗೆ ಕಾಗದ ಹಾಸಿ ನೋಡಿದೆವು. ಒಂದು ತೊಟ್ಟೂ ಬೀಳಲಿಲ್ಲ. ಅಪ್ಪ ಕಾರು ಒರೆಸಲು ನಿಂತರು. ನಾನು ಕೈ ತೊಳೆಯಲು ಅಡುಗೆಮನೆಗೆ ಹೋದೆ.

ಅಮ್ಮ ಟೀಗೆ ನೀರಿಟ್ಟಿದ್ದಳು. ಎಂದಿನಂತೆ ಸಕ್ಕರೆ ಡಬ್ಬಿಯನ್ನು ಕುಟ್ಟಲು ಎತ್ತಿಕೊಂಡವಳು, ಮುಚ್ಚಳ ಸುಮ್ಮನೆ ಮುಟ್ಟಿದ್ದಕ್ಕೇ ತಿರುಗಿದ್ದನ್ನು ಕಂಡು ನಿಂತುಬಿಟ್ಟಳು. ನಲ್ಲಿ ಮುರಿದ ಮೇಲೆ ಅಪ್ಪ ಡಬ್ಬಿಗಳನ್ನೂ ಬಿಟ್ಟುಬಿಟ್ಟಿರಬೇಕು.

"ಯಾರೋ ಸರಿಯಾಗಿ ಮುಚ್ಚಿಲ್ಲ," ಎಂದೆ.

"ನನಗೆ ಗೊತ್ತು ಕಣೇ," ಎಂದಳು ಅಮ್ಮ, ನನ್ನ ಕಡೆ ತಿರುಗದೆ. "ಒಂದಿನ ಕುದಿಯೋ ಟೀ ಲೋಟನ ಬಟ್ಟೆ ಇಲ್ದೆ ಹಿಡ್ಕೊಂಡು ಪೇಪರ್ ಓದ್ತಾ ಕೂತಿದ್ರು. ಅವತ್ತಿಂದ ಟೀ ಆರಿಸಿಯೇ ಕೊಡ್ತಿದ್ದೀನಿ."

"ಅಣ್ಣ ಕೇಳಿದ್ರೆ?"

"ಬೋಲ್ಟು ಹಳೇದಾಗಿತ್ತು ಅನ್ನು."

ಕಾರಣ ಹೇಳುವುದು ನನ್ನ ಕಸುಬು. ಮೊದಲ ಸಲ ಸುಳ್ಳು ಕಾರಣಕ್ಕೆ ತಲೆಯಾಡಿಸಿದೆ.

ಅಮ್ಮ ಮುಚ್ಚಳವನ್ನು ಮತ್ತೆ ಹಾಕಿದಳು. ಡಬ್ಬಿಯನ್ನು ಎದೆಗೆ ಅವುಚಿಕೊಂಡು, ಹಲ್ಲು ಕಚ್ಚಿ, ತನ್ನಿಂದ ಎಷ್ಟಾಗುತ್ತದೋ ಅಷ್ಟು ಬಿಗಿ ಮಾಡಿದಳು. ಆಮೇಲೆ ಶೆಡ್ಡಿಗೆ ಕೇಳುವ ಹಾಗೆ ಅದನ್ನು ಕಟ್ಟೆಗೆ ಧಡಧಡ ಕುಟ್ಟಿ ಕೂಗಿದಳು.

"ಏನ್ರೀ! ಎಷ್ಟು ಸಲ ಬಾಯಿ ಬಡ್ಕೊಳ್ಳಲಿ ನಾನು? ಡಬ್ಬಿ ಇಷ್ಟು ಬಿಗಿ ಮಾಡಬೇಡಿ ಅಂತ!"

ಶೆಡ್ಡಿನಲ್ಲಿ ಒರೆಸುವ ಸದ್ದು ನಿಂತಿತು.

"ಬಂದೆ, ಬಂದೆ," ಎಂದರು ಅಪ್ಪ. "ತಾ ಇಲ್ಲಿ, ತೆಗೆದುಕೊಡ್ತೀನಿ."