ಹೆಬ್ಬೆರಳಿನ ಉಗುರು

ಆ ವಾರ ವೃದ್ಧಾಶ್ರಮಕ್ಕೆ ಸೇವೆ ಮಾಡಲು ಬಂದದ್ದರಲ್ಲಿ ಇದು ಮೂರನೇ ಕಾಲೇಜು. ಮೊದಲು ಬಂದವರು ಎಲ್ಲರ ಉಗುರು ಕತ್ತರಿಸಿದರು. ಆಮೇಲೆ ಬಂದವರು ಕತ್ತರಿಸಿದ್ದನ್ನೇ ಮತ್ತೆ ಕತ್ತರಿಸಿದರು. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ! ಟೈಲರಜ್ಜಿ ಎರಡು ಸಲವೂ ಮುಷ್ಟಿ ಬಿಗಿಹಿಡಿದು ಬಲಗೈ ಹೆಬ್ಬೆರಳೊಂದನ್ನು ಉಳಿಸಿಕೊಂಡಿದ್ದಳು.

ಜೀವಮಾನವಿಡೀ ಆ ಉಗುರಿನಿಂದಲೇ ಬಟ್ಟೆಯ ಮಡಿಕೆ ಗೀರಿದವಳು ಅವಳು. ಅವಳು ತಂದಿದ್ದ ಹೊಲಿಗೆ ಮೆಷಿನನ್ನು ಮೇಲ್ವಿಚಾರಕ, ಸೂಜಿ ಚುಚ್ಚಿಕೊಂಡರೆ ಯಾರು ಹೊಣೆ ಎಂದು ಸಾಮಾನಿನ ಕೋಣೆಗೆ ತಳ್ಳಿ ಬೀಗ ಜಡಿದಿದ್ದ. ಈಗ ಉಗುರೂ ಹೋದರೆ ಉಳಿಯುವುದು ಮೂರು ಹೊತ್ತು ಕೂತು ತಿನ್ನುವ ಮುದುಕಿ. ಅದಕ್ಕೆ ಅವಳು ಸುತರಾಂ ಒಪ್ಪುವವಳಲ್ಲ.

"ಕೈ ಕೊಡಿ ಅಜ್ಜಿ," ಎಂದಳು ನೇಲ್ ಕಟರ್ ಹಿಡಿದ ಹುಡುಗಿ.

"ಒಂಬತ್ತು ಬೆರಳು ತಗೋ. ಇದೊಂದು ಮುಟ್ಟಿದ್ರೆ ನೋಡು ಮತ್ತೆ!"

"ಯಾಕಜ್ಜಿ?"

ಅಜ್ಜಿ ಹುಡುಗಿಯ ಜಾಕೆಟ್ ತೋಳನ್ನು ಎಳೆದುಕೊಂಡಳು. ಹೊಲಿಗೆ ಬಿಚ್ಚಿದ ಅಂಚನ್ನು ಮಡಚಿ ಉಗುರಿನಿಂದ ಒಮ್ಮೆ ಗೀರಿದಳು. ಮಡಿಕೆ ಇಸ್ತ್ರಿ ಹಾಕಿದಂತೆ ಕೂತಿತು. "ಇದಕ್ಕೆ ಕಣೇ. ಹೊಲಿಯೋಕೆ ನನ್ನ ಮೆಷಿನ್ ಕೊಡ್ತಾರಾ ಕೇಳು."

ಅಷ್ಟರಲ್ಲಿ ಲೆಕ್ಚರರ್ ಫೋನ್ ಹಿಡಿದು ಬಂದರು. "ಇನ್ನೂ ಮುಗೀಲಿಲ್ವೇನಮ್ಮಾ? ಬೇಗ ಕಟ್ ಮಾಡು, ಫೋಟೋ ಬೇಕು. ಇಲ್ಲಾಂದ್ರೆ ನಿನಗೆ ಮಾರ್ಕ್ಸ್ ಇಲ್ಲ."

ಹುಡುಗಿ ಅಜ್ಜಿಯ ಹೆಬ್ಬೆರಳು ನೋಡಿದಳು, ತನ್ನ ತೋಳು ನೋಡಿದಳು. ನೇಲ್ ಕಟರನ್ನು ಲೆಕ್ಚರರ ಕೈಯಲ್ಲೇ ಇಟ್ಟಳು.

"ಮಾರ್ಕ್ಸ್ ನೀವೇ ಇಟ್ಕೊಳ್ಳಿ ಸಾರ್. ಅಜ್ಜಿ ಉಗುರು ನಾನು ಕತ್ತರಿಸಲ್ಲ. ಮೆಷಿನ್ ಇರೋ ಕೋಣೆ ಕೀಲಿ ಎಲ್ಲಿ?"

ಮೇಲ್ವಿಚಾರಕ ರೂಲ್ಸು ಗೀಲ್ಸು ಎಂದು ಶುರುಮಾಡಿದ. ಹುಡುಗಿ ಹೋಗಿ ಬೀಗದ ಮುಂದೆ ನಿಂತಳು. ಅವಳ ಹಿಂದೆ ಇಡೀ ಕ್ಲಾಸು ಬಂದು ನಿಂತಿತು. ಅವನು ಗೊಣಗುತ್ತಲೇ ಬೀಗ ತೆಗೆದ.

ಮೆಷಿನ್ ವರಾಂಡಕ್ಕೆ ಬಂತು. ಅಜ್ಜಿ ಪೋಣಿಸುವಾಗ ದಾರ ಎರಡು ಸಲ ಸೂಜಿಯ ಕಣ್ಣು ತಪ್ಪಿತು. ಸಹಾಯಕ್ಕೆ ಬಗ್ಗಿದ ಹುಡುಗಿಗೆ, "ಸುಮ್ನೆ ನಿಂತ್ಕೋ!" ಎಂದು ಗದರಿದಳು. ಮೂರನೇ ಸಲಕ್ಕೆ ದಾರ ಹೊಕ್ಕಿತು. ಅಬ್ಬಾ, ಆ ಮುಖ ಅರಳಿದ್ದು! ಜಾಕೆಟ್ ಮುಗಿಯುವಷ್ಟರಲ್ಲಿ ಹರಿದ ಚೀಲ, ಕಿತ್ತ ಜೇಬು ಹಿಡಿದು ಕ್ಲಾಸಿನ ಮಕ್ಕಳು ಸಾಲುಗಟ್ಟಿದ್ದರು.

ಲೆಕ್ಚರರು ಮೆಲ್ಲಗೆ ಫೋನ್ ಎತ್ತಿದರು.

"ತೆಗೀರಿ, ತೆಗೀರಿ," ಎಂದಳು ಟೈಲರಜ್ಜಿ ತಲೆ ಎತ್ತದೆ, ಮುಂದಿನ ಮಡಿಕೆಯನ್ನು ಉಗುರಿನಿಂದ ಗೀರುತ್ತಾ. "ಆದ್ರೆ ಕೆಳಗೆ ಸರಿಯಾಗಿ ಬರೀರಿ. ಇವತ್ತು ಸೇವೆ ಮಾಡಿದ್ದು ನಾನು."