ಅಮ್ಮನ ಹೆಸರಿನ ಹೇನು

ಯಾರು ಯಾವ ಸುದ್ದಿ ತಂದರೂ ನನ್ನ ಅತ್ತಿಗೆ ಕೇಳುವ ಮೊದಲ ಪ್ರಶ್ನೆ ಒಂದೇ: "ಇದು ಯಾವ ಹಕ್ಕೀದು?" ಎದುರುಮನೆಯವರು ಮನೆ ಬಿಡುತ್ತಾರಂತೆ ಎಂದರೂ ಅದೇ, ಕಚೇರಿಗೆ ಹೊಸ ನಿರ್ದೇಶಕರು ಬರುತ್ತಾರಂತೆ ಎಂದರೂ ಅದೇ. ನನ್ನ ಲೇಖನವನ್ನು ಯಾರೋ ಬಹಳ ಹೊಗಳಿದರೆಂದು ನಾನೇ ಹೇಳಿಕೊಂಡಾಗಲಂತೂ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಎರಡು ಸಲ ಕೇಳುತ್ತಾರೆ. ಇದು ವೃತ್ತಿಯಿಂದ ನಾಲಿಗೆಗೆ ಅಂಟಿದ ಅಭ್ಯಾಸ. ವಸ್ತುಸಂಗ್ರಹಾಲಯದ ಹಿಂಭಾಗದಲ್ಲಿ, ಮುಂಬಾಗಿಲಿನಿಂದ ಬರುವ ಪ್ರೇಕ್ಷಕರಿಗೆ ಇದೆಯೆಂದು ಊಹಿಸಲೂ ಆಗದ ಒಂದು ಉದ್ದನೆಯ ಕೋಣೆಯಲ್ಲಿ ಕುಳಿತು, ಪಾರಿವಾಳಗಳ ಗರಿಯಲ್ಲಿ ವಾಸಿಸುವ ಹೇನುಗಳನ್ನು ಮೂವತ್ತೊಂದು ವರ್ಷಗಳಿಂದ ಗುರುತಿಸಿ, ವಿಂಗಡಿಸಿ, ಹೆಸರು ಹಚ್ಚುತ್ತಿರುವವರು ಅವರು. ಹೇನು ಎಷ್ಟೇ ಸುಲಕ್ಷಣವಾಗಿರಲಿ, ಯಾವ ಹಕ್ಕಿಯ ಮೈಯಿಂದ ಇಳಿದು ಬಂತೆಂಬುದು ಗೊತ್ತಿಲ್ಲದಿದ್ದರೆ ಅದು ವಿಳಾಸವಿಲ್ಲದ ಪತ್ರದಂತೆ ಅವರ ಮೇಜಿನ ಮೂಲೆಯಲ್ಲೇ ಉಳಿಯುತ್ತದೆ.

ರಸ್ತೆಯಲ್ಲಿ ಅವರ ನಡಿಗೆಯೂ ವಿಶಿಷ್ಟವಾದದ್ದು. ಕಣ್ಣುಗಳು ಸದಾ ಕಟ್ಟಡಗಳ ಸಜ್ಜದ ಮೇಲೆ, ಪಾರಿವಾಳಗಳು ಸಾಲಾಗಿ ಕೂರುವ ಕಡೆ. ಕಾಲುಗಳು ಮಾತ್ರ ದೈವಾಧೀನ. ಹೀಗಾಗಿ ನಮ್ಮ ಬಡಾವಣೆಯಲ್ಲಿ ದೀಪದ ಕಂಬಗಳ ಕ್ಷಮೆ ಕೇಳುವ ಏಕೈಕ ವ್ಯಕ್ತಿ ಅವರೇ. ಮೇಲೆ ಒಂದು ಬೂದು ಬಣ್ಣದ ಕೋಟು. ಅದರ ಎಡಜೇಬಿನಲ್ಲಿ ಮಡಿಚಿದ ಮೇಣಗಾಗದದ ಚೀಲಗಳು ಮತ್ತು ದಾರ ಪೋಣಿಸಿದ ಚೀಟಿಗಳು, ಬಲಜೇಬಿನಲ್ಲಿ ಮೂರೆಳೆಯ ಕುಂಚ. ಮದುವೆಗೆ ಹೊರಟಾಗಲೂ ರೇಷ್ಮೆ ಸೀರೆಯ ಮೇಲೆ ಅದೇ ಕೋಟು ಏರುವುದನ್ನು ಕಂಡು ನನ್ನ ಅಣ್ಣ ಮೊದಲ ಹತ್ತು ವರ್ಷ ಆಕ್ಷೇಪಿಸಿ, ಈಗ ಅದನ್ನು ಇಸ್ತ್ರಿಗೆ ಕೊಟ್ಟು ತರುವ ಹಂತಕ್ಕೆ ತಲುಪಿದ್ದಾನೆ.

ನನಗೆ ಅವರ ಶಾಸ್ತ್ರದಲ್ಲಿ ಅರ್ಥವಾದದ್ದು ಇಷ್ಟು: ರೆಕ್ಕೆಯಲ್ಲಿರುವ ಹೇನು ಸಣಕಲು, ಹಕ್ಕಿ ಕೊಕ್ಕಿನಿಂದ ಮೈ ತೀಡಿಕೊಳ್ಳುವಾಗ ಗರಿಯ ಎರಡು ಎಳೆಗಳ ನಡುವೆ ಗೆರೆಯಂತೆ ಮಲಗಿ ಪಾರಾಗುತ್ತದೆ, ಮೈಯಲ್ಲಿರುವುದು ದುಂಡಗೆ, ಮೆತ್ತನೆಯ ಪುಕ್ಕದೊಳಗೆ ಹುದುಗಿ ಬಚಾವಾಗುತ್ತದೆ. "ನಿಮ್ಮಣ್ಣ ರೆಕ್ಕೆ ಜಾತಿ, ನೀನು ಮೈ ಜಾತಿ," ಎಂದು ಅತ್ತಿಗೆ ಒಮ್ಮೆ ನನ್ನ ಹೊಟ್ಟೆಯನ್ನು ನೋಡಿ ವರ್ಗೀಕರಿಸಿದ್ದರು. ಇದರಾಚೆಗಿನದು ಸೂಕ್ಷ್ಮದರ್ಶಕದ ಸಾಮ್ರಾಜ್ಯ. ಹೇನನ್ನು ಕ್ಷಾರದಲ್ಲಿ ನೆನೆಸಿ ಒಳಗಿನದೆಲ್ಲ ಕರಗಿ ಗಾಜಿನಂತಾದ ಮೇಲೆ ಸ್ಲೈಡಿನ ಮೇಲೆ ಅಂಗಾತ ಮಲಗಿಸಿ, ಹನಿ ಅಂಟಿನಲ್ಲಿ ಶಾಶ್ವತಗೊಳಿಸಿ, ಗಂಡಿನ ಕುಡಿಮೀಸೆಯ ಬುಡ ಎಷ್ಟು ದಪ್ಪ, ಹೊಟ್ಟೆಯ ಒಂದೊಂದು ಖಂಡದಲ್ಲೂ ಎಷ್ಟು ರೋಮ ಎಂದು ಎಣಿಸುತ್ತಾ ಹೋಗುವುದು. ನಮ್ಮ ಮನೆಯಲ್ಲಿ ತಲೆಯ ಕೂದಲು ಉದುರುತ್ತಿದ್ದವನು ನಾನು. ಕೂದಲೆಣಿಸಿ ಕೀರ್ತಿ ಪಡೆದವರು ಅವರು.

ಅವರ ಬದುಕಿನ ಏಕೈಕ ಕಟ್ಟಳೆಯೆಂದರೆ ಒಂದು ಹಕ್ಕಿಗೆ ಒಂದು ಚೀಲ. ಸತ್ತ ಹಕ್ಕಿಯ ಮೈ ತಣ್ಣಗಾಗುತ್ತಲೇ ಹೇನುಗಳು ಬೇರೆ ಆಸರೆ ಹುಡುಕಿ ಹೊರಡುತ್ತವೆ. ಪಕ್ಕದಲ್ಲಿ ಇನ್ನೊಂದು ಹಕ್ಕಿಯಿದ್ದರೆ ಅದರ ಮೈಗೆ ದಾಟಿಬಿಡುತ್ತವೆ. ಆಮೇಲೆ ಯಾರ ಮನೆಯವರು ಯಾರೆಂದು ಹೇಳುವ ದೇವರೂ ಇಲ್ಲ.

ಇಪ್ಪತ್ನಾಲ್ಕು ವರ್ಷಗಳ ಹಿಂದೆ ಅತ್ತಿಗೆ ಒಂದು ಹೊಸ ಪ್ರಭೇದವನ್ನು ಲೋಕಕ್ಕೆ ಪರಿಚಯಿಸಿದರು. ಬೆಟ್ಟದ ಕಾಡಿನ ಪಾರಿವಾಳದ ಮೇಲೆ ಸಿಕ್ಕಿದ ಏಳು ಹೇನುಗಳು. ಊರ ಪಾರಿವಾಳದ ಹೇನಿಗೂ ಇವಕ್ಕೂ ಆರನೆಯ ಖಂಡದಲ್ಲಿ ಎರಡು ರೋಮದ ವ್ಯತ್ಯಾಸ, ಮೈ ತುಸು ಗಿಡ್ಡ. ಅಷ್ಟಕ್ಕೇ ಹೊಸ ಹೆಸರು ಸಲ್ಲುತ್ತಿರಲಿಲ್ಲ. ವಾಸ ಬೇರೆ ಹಕ್ಕಿಯ ಮೇಲೆ ಎಂಬುದೇ ಬಲವಾದ ಸಾಕ್ಷಿಯಾಯಿತು. ಅದಕ್ಕೆ ಅವರು ತಮ್ಮ ಅತ್ತೆಯ, ಅಂದರೆ ನನ್ನ ಅಮ್ಮನ, ಹೆಸರಿಟ್ಟರು. "ಅವರು ಮಕ್ಕಳನ್ನ ನೋಡ್ಕೊಳ್ದೇ ಇದ್ದಿದ್ರೆ ನಾನು ಹೇನು ನೋಡ್ತಿರಲಿಲ್ಲ," ಎಂಬುದು ಅವರ ಸರಳ ತರ್ಕ.

ಅಮ್ಮ ಮೊದಲು ಕೆಂಡವಾದರು. "ಲೋಕದಲ್ಲಿ ಇನ್ನೇನೂ ಸಿಗಲಿಲ್ವೇನೇ? ಒಂದು ಹೂವು? ಒಂದು ಚಿಟ್ಟೆ?" ಆದರೆ ವಾರ ಕಳೆಯುವಷ್ಟರಲ್ಲಿ ಆ ಲೇಖನದ ಪ್ರತಿ ಅವರ ದಿಂಬಿನ ಪಕ್ಕಕ್ಕೆ ಬಂತು. ತಿಂಗಳು ಕಳೆಯುವಷ್ಟರಲ್ಲಿ ಹಲ್ಲಿನ ವೈದ್ಯರಿಗೆ, ಬಾಯಿ ತೆರೆದ ಸ್ಥಿತಿಯಲ್ಲೇ, ತಮ್ಮ ಹೆಸರು ವಿಜ್ಞಾನದಲ್ಲಿರುವ ವಿಷಯವನ್ನು ತಿಳಿಸಿದ್ದರು.

ಕಳೆದ ವರ್ಷ ಬೇರೊಂದು ದೇಶದ ಸಂಶೋಧಕಿಯೊಬ್ಬರಿಂದ ಬಹಳ ವಿನಯದ ಒಂದು ಪತ್ರ ಬಂತು. ಬೆಟ್ಟದ ಪಾರಿವಾಳಗಳನ್ನು ನಲವತ್ತು ಹಿಡಿದು, ಗರಿ ಕೆದಕಿ ನೋಡಿ, ಹಾರಲು ಬಿಟ್ಟಿದ್ದೇನೆ. ತಮ್ಮ ಪ್ರಭೇದ ಒಂದರ ಮೇಲೂ ಇಲ್ಲ. ತಮ್ಮ ಮಾದರಿಗಳ ಮೂಲವನ್ನು ಇನ್ನೊಮ್ಮೆ ಪರಿಶೀಲಿಸಲು ಸಾಧ್ಯವೇ? ಅತ್ತಿಗೆ ಹಳೆಯ ಸ್ಲೈಡುಗಳನ್ನು ತೆಗೆದು ಚೀಟಿ ಓದಿದರು. ಸಂಗ್ರಾಹಕ ಎಂಬಲ್ಲಿ ನನ್ನ ಹೆಸರಿತ್ತು.

ಅಂದು ಸಂಜೆಯೇ ನನ್ನನ್ನು ಕರೆಸಿದರು. "ಒಂದು ಕೇಳ್ತೀನಿ, ನಗಿಸೋಕೆ ಹೋಗ್ಬೇಡ. ಆ ಬೆಟ್ಟದ ಪಾರಿವಾಳ ದಾರಿಯುದ್ದಕ್ಕೂ ಚೀಲದಲ್ಲಿ ಒಂದೇ ಇತ್ತಾ?"

"ನೀವು ಎರಡು ಚೀಲ ಕೊಟ್ಟಿದ್ರಲ್ಲ ಅತ್ತಿಗೆ."

"ನಾನು ಕೊಟ್ಟಿದ್ದು ಗೊತ್ತು. ನೀನು ಹಾಕಿದ್ದು ಹೇಗೆ?"

ಆ ಹಕ್ಕಿ ಸಿಕ್ಕ ಕಾಲದಲ್ಲಿ ನಾನು ಬೆಟ್ಟದ ಅತಿಥಿಗೃಹದಲ್ಲಿ ಕುಳಿತು ಬರೆಯಲು ಹೋಗಿದ್ದೆ. ಕಿಟಕಿಯ ಗಾಜಿಗೆ ಬಡಿದು ಸತ್ತ ಕಾಡು ಪಾರಿವಾಳವನ್ನು ಒಂದು ಚೀಲಕ್ಕೆ ಹಾಕಿಕೊಂಡೆ. ಮರಳುವಾಗ ಬಸ್ ನಿಲ್ದಾಣದಲ್ಲಿ ಆಗಷ್ಟೇ ಸತ್ತು ಬಿದ್ದಿದ್ದ ಒಂದು ಊರ ಪಾರಿವಾಳವೂ ಸಿಕ್ಕಿತು. ಅಷ್ಟರಲ್ಲಿ ಮಳೆ. ನನ್ನ ಲೇಖನ ನೆನೆಯಬಾರದೆಂದು ಅದನ್ನು ಎರಡನೆಯ ಚೀಲದಲ್ಲಿಟ್ಟು, ಹಕ್ಕಿಗಳೆರಡನ್ನೂ ಒಂದರಲ್ಲೇ ಸೇರಿಸಿದೆ. ಮನೆಯ ಗೇಟಿನ ಬಳಿ ನಿಂತು ಲೇಖನ ಹೊರತೆಗೆದು, ಊರ ಹಕ್ಕಿಯನ್ನು ಆ ಚೀಲಕ್ಕೆ ದಾಟಿಸಿ, ಶಿಸ್ತಿನ ಮನುಷ್ಯನಂತೆ ಎರಡು ಚೀಲ ಒಪ್ಪಿಸಿದ್ದೆ. ಅಷ್ಟು ಜೋಪಾನವಾಗಿ ಬಂದ ಆ ಲೇಖನವನ್ನು ಯಾವ ಪತ್ರಿಕೆಯೂ ಮುದ್ರಿಸಲಿಲ್ಲ.

ಈಗ "ಒಂದೇ ಇತ್ತು" ಎಂದಿದ್ದರೆ ಮುಗಿಯುತ್ತಿತ್ತು. ಅಮ್ಮನ ಹೆಸರು ಇನ್ನೊಂದು ತಲೆಮಾರು ಬಾಳುತ್ತಿತ್ತು. ಅತ್ತಿಗೆ ಪೆನ್ಸಿಲು ಹಿಡಿದು, ಏನು ಹೇಳಿದರೂ ಬರೆದುಕೊಳ್ಳಲು ಸಿದ್ಧರಾಗಿ, ನನ್ನನ್ನು ಪೂರ್ತಿ ನಂಬಿ ಕುಳಿತಿದ್ದರು. ಎಲ್ಲ ಹೇಳಿಬಿಟ್ಟೆ. ಅವರು ಬೈಯಲಿಲ್ಲ. "ಸಂಗ್ರಾಹಕನ ಹೇಳಿಕೆ" ಎಂದು ಬರೆದು, ತಾರೀಖು ಹಾಕಿ, ನನ್ನ ಸಹಿ ತೆಗೆದುಕೊಂಡರು.

ನನ್ನ ಮಾತೊಂದನ್ನೇ ನೆಚ್ಚಿಕೊಳ್ಳುವಷ್ಟು ಅಮಾಯಕರಲ್ಲ ಅವರು. ಮೂರು ವಾರ ಕುಳಿತು ಊರ ಪಾರಿವಾಳದ ಇನ್ನೂರು ಹೇನುಗಳ ರೋಮ ಎಣಿಸಿದರು. ಹತ್ತರಲ್ಲಿ ಒಂದಕ್ಕೆ, ಕೆಲವು ಹಕ್ಕಿಗಳ ಮೇಲಂತೂ ಇಡೀ ಬಳಗಕ್ಕೇ, ಅದೇ ಎರಡು ರೋಮ ಕಡಿಮೆ, ಅದೇ ಗಿಡ್ಡ ಮೈ. ಅಮ್ಮನ ಹೆಸರಿನ ಹೇನು ಊರ ಹೇನೇ ಆಗಿತ್ತು. ತಮ್ಮ ಪ್ರಭೇದವನ್ನು ರದ್ದುಗೊಳಿಸುವ ಲೇಖನವನ್ನು ಅತ್ತಿಗೆ ತಾವೇ ಬರೆದು ಮುಗಿಸಿದರು.

ನಾನು ಅಂಗಲಾಚಿದೆ. "ಅತ್ತಿಗೆ, ಅಮ್ಮನಿಗೆ ಎಂಬತ್ತಾರು. ಈಗ್ಲೇ ಯಾಕೆ? ಆಮೇಲೆ ಕಳಿಸಿದ್ರೆ ಆಗಲ್ವಾ?"

"ಅವರು ಹೋಗೋದನ್ನ ಕಾಯ್ತಾ ಕೂತ್ಕೋ ಅಂತೀಯಾ? ನಿಮ್ಮಮ್ಮ ಕಣೋ ಅವರು." ಆಮೇಲೆ ದನಿ ತಗ್ಗಿಸಿ, "ಅವರಿಗೆ ಹೇಳದೇ ಕಳಿಸಲ್ಲ. ಬಾ," ಎಂದು ನನ್ನನ್ನೂ ಎಳೆದುಕೊಂಡು ಹೋದರು.

ಅಮ್ಮ ಎಲ್ಲವನ್ನೂ ಕೇಳಿಸಿಕೊಂಡರು. "ಹಾಗಾದ್ರೆ ಅದು ಇಲ್ವೇ ಇಲ್ವಾ?"

"ಹೇನು ಇದೆ ಅತ್ತೆ. ಅದಕ್ಕೆ ಮೊದಲೇ ಬೇರೆ ಹೆಸರಿತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ ನಿಮ್ಮ ಹೆಸರೂ ಇರುತ್ತೆ, ತಪ್ಪಾಗಿ ಇಟ್ಟಿದ್ದು ಅಂತ."

"ತಪ್ಪು ಯಾರದು?"

"ಚೀಲದ ತಪ್ಪು ಇವನದು. ಹೆಸರಿನ ತಪ್ಪು ನಂದು."

ಅಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇವನನ್ನ ನಂಬಿ ಹಕ್ಕಿ ತರೋಕೆ ಹೇಳಿದ್ಯಲ್ಲ, ಅದೂ ನಿಂದೇ," ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಎರಡು ದಿನ ಅವರು ಸೊಸೆಯೊಂದಿಗೆ ಮಾತಾಡಲಿಲ್ಲ. ಲೇಖನ ಮೇಜಿನ ಮೇಲೆಯೇ ಇತ್ತು. ಅತ್ತಿಗೆ ಅದನ್ನು ಕಳಿಸಲೂ ಇಲ್ಲ, ಮುಚ್ಚಿಡಲೂ ಇಲ್ಲ; ಆ ಎರಡು ದಿನ ಅವರ ಕೋಟು ಗೂಟದಲ್ಲೇ ತೂಗುತ್ತಿತ್ತು. ಮೂರನೆಯ ಬೆಳಿಗ್ಗೆ ಅಮ್ಮ ಕೋಲೂರಿಕೊಂಡು ಸೊಸೆಯ ಕೋಣೆಗೆ ಬಂದರು. "ತೋರಿಸು. ಹೆಸರು ಹೋಗೋ ಮುಂಚೆ ಒಂದ್ಸಲ ನೋಡ್ತೀನಿ."

ಅತ್ತಿಗೆ ಕುರ್ಚಿಗೆ ದಿಂಬು ಹಾಕಿ ಕೂರಿಸಿ, ಸ್ಲೈಡಿಟ್ಟು, ಬೆಳಕು ಹೊಂದಿಸಿ ಕೊಟ್ಟರು. ಅಮ್ಮ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

"ಇಷ್ಟು ಸಣ್ಣ ಕಾಲಿಗೆ ಉಗುರು ಬೇರೆ!" ಎಂದರು. ಮತ್ತೆ ಸ್ವಲ್ಪ ಹೊತ್ತಿಗೆ, "ಈ ಕೂದಲನ್ನೆಲ್ಲ ನೀನು ಇನ್ನೂರು ಸಲ ಎಣಿಸಿದ್ಯಾ?"

"ಹೂಂ ಅತ್ತೆ."

"ಹಾಗಾದ್ರೆ ಕಳಿಸು. ನಾಳೆ ಯಾರೋ ಬಂದು ನನ್ನ ಸೊಸೆ ತಪ್ಪು ಮಾಡಿದ್ಳು ಅನ್ನೋದು ಬೇಡ. ನೀನೇ ಹೇಳ್ಬಿಡು."

ಅತ್ತಿಗೆ ಅಂದೇ ಕಳಿಸಿದರು. ಮೂವತ್ತೊಂದು ವರ್ಷಗಳಲ್ಲಿ ಅವರು ಹೊಸದಾಗಿ ಹೆಸರಿಟ್ಟದ್ದು ಆ ಒಂದೇ ಒಂದು ಹೇನಿಗೆ ಎಂಬುದನ್ನು ನನಗೆ ಹೇಳಿದವನು ಅಣ್ಣ, ಅದೂ ಲೇಖನ ಅಚ್ಚಾದ ಮೇಲೆ.

ಹೆಸರಿಡುವವರಿಗೆ ಈ ಲೋಕದಲ್ಲಿ ಬರವಿಲ್ಲ. ನಾವು ಬರೆಯುವ ಮಂದಿಯಂತೂ ದಿನಕ್ಕೆ ನಾಲ್ಕು ಹೆಸರಿಟ್ಟು, ನಾಲ್ಕೂ ತಪ್ಪೆಂದು ಗೊತ್ತಾದರೆ ಸದ್ದಿಲ್ಲದೆ ಐದನೆಯದನ್ನಿಟ್ಟು ಮುಂದೆ ಸಾಗುವವರು. ತಾನಿಟ್ಟ ಹೆಸರನ್ನು, ಅದೂ ಪ್ರೀತಿಯಿಂದ ಇಟ್ಟದ್ದನ್ನು, ಬೇರೆಯವರ ಕೆಲಸವನ್ನು ನೋಡುವಷ್ಟೇ ನಿರ್ದಾಕ್ಷಿಣ್ಯವಾಗಿ ಬೆಳಕಿನಡಿಯಲ್ಲಿಟ್ಟು ನೋಡಿ, ಸಲ್ಲದೆಂದು ಕಂಡಾಗ ಸಹಿ ಹಾಕಿ ಹಿಂತೆಗೆದುಕೊಳ್ಳುವವರ ಸಂಖ್ಯೆ ಬಲು ಸಣ್ಣದು. ಅವರಿಗೆ ಪ್ರೇಕ್ಷಕರಿಲ್ಲ, ಚಪ್ಪಾಳೆಯಿಲ್ಲ. ಅವರ ದೊಡ್ಡ ಕೆಲಸವೆಂದರೆ ಎಷ್ಟೋ ಸಲ ಪಟ್ಟಿಯಿಂದ ಒಂದು ಸಾಲು ಕಡಿಮೆಯಾಗುವುದು. ಆದರೂ ಎಲ್ಲೆಲ್ಲೋ ಹಿಂಭಾಗದ ಕೋಣೆಗಳಲ್ಲಿ ಅಂಥವರು ಬೆನ್ನು ಬಗ್ಗಿಸಿ ಎಣಿಸುತ್ತಿರುವುದರಿಂದಲೇ, ಇದು ಇದೇ ಎಂದು ಬೆರಳು ತೋರಿಸಿ ಹೇಳುವ ಧೈರ್ಯ ಉಳಿದ ನಮಗೆಲ್ಲ ಇದೆ.